ಹಳಬರ ಮೊಳೆ, ಹೊಸಬರ ಜಗಳ

ಪ್ರಶ್ನೆ: ರೀಸೇಲ್ ಫ್ಲ್ಯಾಟ್‌ಗೆ ಬಂದಿದ್ದೇವೆ. ಹಾಲ್‌ನಲ್ಲಿ ಹಳಬರ ಟಿವಿ ಬ್ರಾಕೆಟ್, ಸಾಲು ಕೊಕ್ಕೆ, ತೇಪೆ ಹಾಕಿದ ಗೋಡೆ. ಬಾತ್‌ರೂಮ್ ಟೈಲ್ಸ್ ತುಂಬ ತೂತು. ಬೇರೆಯವರ ಮನೆಯಲ್ಲಿದ್ದ ಹಾಗೆ ಅನಿಸುತ್ತದೆ. ಎಲ್ಲ ಕೆರೆಸಿ ಹೊಸ ಪ್ಲಾಸ್ಟರ್ ಮಾಡಿಸೋಣ ಅಂದರೆ ಪತಿ "ಇದ್ದರೇನಾಯ್ತು" ಅನ್ನುತ್ತಾರೆ. ದಿನಾ ಇದೇ ಜಗಳ.

ಉತ್ತರ: ಪ್ಲಾಸ್ಟರ್ ಯೋಚನೆ ಸದ್ಯಕ್ಕೆ ಬಿಡಿ. ಯಾವ ಸಾಮಾನು ಎಲ್ಲಿ ಕೂರುತ್ತದೆ ಎಂದು ಗೊತ್ತಾಗುವ ಮೊದಲೇ ಮುಚ್ಚಿಸಿದ ತೂತನ್ನು ಆಮೇಲೆ ನೀವೇ ಕೊರೆಸುತ್ತೀರಿ. ಹಾಗಂತ ನಿಮ್ಮವರ ಮಾತೂ ಎಲ್ಲದಕ್ಕೂ ಸಲ್ಲದು. ಬಾಯಿ ತೆರೆದ ಸ್ವಿಚ್ ಬಾಕ್ಸ್, ನೇತಾಡುವ ವೈರ್ ಇದ್ದರೆ ಇವತ್ತೇ ಎಲೆಕ್ಟ್ರಿಷಿಯನ್‌ನ ಕರೆಸಿ, ತುದಿಗಳನ್ನು ಕನೆಕ್ಟರ್‌ನಲ್ಲಿ ಮುಚ್ಚಿ ಬ್ಲ್ಯಾಂಕ್ ಪ್ಲೇಟ್ (ಸ್ವಿಚ್ಚಿಲ್ಲದ ಮುಚ್ಚಳ) ಹಾಕಿಸಿ.

ನನಗೆ ಅನುಮಾನ ಆ ತೇಪೆಯ ಮೇಲೆ, ಒಳಗೆ ತೇವ ಇರಬಹುದು. ಅಂಗೈಯಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲಿಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ಎರಡು ದಿನ ಬಿಡಿ. ಹನಿ ಹಾಳೆಯ ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಡಿ. ಗೋಡೆ ಕಡೆಯ ಮೈಯಲ್ಲಿದ್ದರೆ ಗೋಡೆಯೊಳಗೇ ನೀರಿದೆ. ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸದೆ ಪುಟ್ಟಿ ಬಳಿದರೆ ಮತ್ತೆ ಉಬ್ಬಿ ಉದುರುತ್ತದೆ.

ಬ್ರಾಕೆಟ್ ಉಳಿಸಿಕೊಳ್ಳಿ, ನಿಮ್ಮ ಟಿವಿಯ ತೂಕ ಮತ್ತು ಹಿಂಬದಿಯ ತೂತುಗಳ ಅಂತರಕ್ಕೆ ಹೊಂದಿದರೆ ಮಾತ್ರ. ಬಿಗಿ ಮಾಡಿದಷ್ಟೂ ಬೋಲ್ಟ್ ಸುಮ್ಮನೆ ಸುತ್ತುತ್ತಿದ್ದರೆ ಹಿಡಿತ ಹೋಗಿದೆ, ಟಿವಿ ನೇತುಹಾಕಬೇಡಿ. ಟೈಲ್ಸ್ ತೂತುಗಳಿಗೆ ಹೊಸ ಸ್ಟ್ಯಾಂಡ್ ಹೊಂದಿಸುವುದೇ ಜಾಣತನ, ಹೊಸದಾಗಿ ಕೊರೆದರೆ ಟೈಲ್ ಬಿರುಕು ಬಿಡಬಹುದು. ಉಳಿದವನ್ನು ಒಣಗಿಸಿ ಸಿಲಿಕಾನ್ ತುಂಬಿ, ಪುಟ್ಟಿ ಅಲ್ಲ.

ಕೊಕ್ಕೆಗಳನ್ನು ಮಾತ್ರ ಕಿತ್ತುಬಿಡಿ. ಬೇರೆಯವರ ಮನೆ ಅನಿಸುವುದು ಬಹುಶಃ ಅವುಗಳಿಂದಲೇ. ತೂತಿನೊಳಗೆ ಸ್ಕ್ರೂ ಹಿಡಿದಿಡುವ ಪ್ಲಾಸ್ಟಿಕ್ ಗಿಟ್ಟಿಗೆ ಸ್ಕ್ರೂ ಅರ್ಧ ತಿರುಗಿಸಿ, ಪ್ಲೈಯರ್‌ನಿಂದ ನೇರ ಎಳೆಯಿರಿ. ಬಾರದಿದ್ದರೆ ಎಳೆದಾಡಿ ಪ್ಲಾಸ್ಟರ್ ಒಡೆಯಬೇಡಿ, ಸ್ಕ್ರೂ ಬಿಚ್ಚಿ ಗಿಟ್ಟಿಯನ್ನೇ 3 ಮಿ.ಮೀ. ಒಳಕ್ಕೆ ತಟ್ಟಿ. ಪುಟ್ಟಿ ಒಣಗಿದಾಗ ಕುಗ್ಗುತ್ತದೆ, ಹಾಗಾಗಿ ಎರಡು ಸಲ ತುಂಬಿ. 180 ಗ್ರಿಟ್ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಪ್ರೈಮರ್ ಹಚ್ಚಿ. ಪ್ರೈಮರ್ ಹಚ್ಚದಿದ್ದರೆ ಪುಟ್ಟಿ ಬಣ್ಣವನ್ನು ಹೀರಿಕೊಂಡು ಅಷ್ಟು ಜಾಗ ಮಂಕಾಗುತ್ತದೆ.

ಬಣ್ಣವನ್ನು ಗೋಡೆಯ ಈ ಮೂಲೆಯಿಂದ ಆ ಮೂಲೆವರೆಗೆ ಬಳಿಯಿರಿ. ಹಳೆಯ ಬಣ್ಣ ಮಾಸಿರುತ್ತದೆ, ಅದೇ ಶೇಡ್ ನಂಬರ್ ತಂದು ತೇಪೆಗಷ್ಟೇ ಹಚ್ಚಿದರೂ ಎದ್ದು ಕಾಣುತ್ತದೆ. ಆಗ "ನಾನು ಹೇಳಿರಲಿಲ್ವಾ" ಅನ್ನುವ ಸರದಿ ನಿಮ್ಮವರದು.