‘ರೋಮಾ’ದಲ್ಲಿ ಸಂಗೀತವೇ ಇಲ್ಲವೇ?

‘ರೋಮಾ’ (2018) ಚಿತ್ರಕ್ಕೆ ಹಿನ್ನೆಲೆ ಸಂಗೀತ ಇಲ್ಲದ್ದರಿಂದ ಬರಡು ಅನ್ನಿಸಿತು, ಆ ವಿಮಾನ ಯಾಕೆ ಬರುತ್ತೆ ಅಂತ ಕೇಳಿದ್ದೀರಿ.

ನನಗಂತೂ ಕಿವಿ ತುಂಬಿ ಬಂದ ಸಿನಿಮಾ ಅದು. ಚಾಕು ಸಾಣೆ ಹಿಡಿಯುವವನ ಪೀಪಿ, ನಾಯಿಯ ಬೊಗಳು, ಕೆಲಸದಾಕೆ ಕ್ಲೇಯೊ ರೇಡಿಯೊ ಜೊತೆ ಗುನುಗುವ ಹಾಡು: 1970ರ ಮೆಕ್ಸಿಕೊ ನಗರದ ಸಂಗೀತ ಅದೇ. ಸಮುದ್ರದ ದೃಶ್ಯವನ್ನು ಇಯರ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ನೋಡಿ. ಈಜು ಬಾರದ ಕ್ಲೇಯೊ ಮಕ್ಕಳಿಗಾಗಿ ನೀರಿಗಿಳಿಯುತ್ತಾಳೆ, ಅಲೆಯ ಮೊರೆತ ಏರುತ್ತಲೇ ಹೋಗುತ್ತೆ. ಅಲ್ಲಿ ಪಿಟೀಲು ನುಡಿಸಿದ್ದರೆ ನನ್ನ ಭಯ ಅರ್ಧಕ್ಕೆ ಇಳಿಯುತ್ತಿತ್ತು.

ವಿಮಾನ ಮೊದಲು ಕಾಣೋದು ಅವಳು ತೊಳೆಯುವ ನೆಲದ ಸೋಪಿನ ನೀರಲ್ಲಿ, ಪ್ರತಿಬಿಂಬವಾಗಿ. ಕೊನೆಗೆ ಅವಳು ಬಟ್ಟೆ ಹೊತ್ತು ತಾರಸಿಗೆ ಹತ್ತುವಾಗ ಕ್ಯಾಮೆರಾ ತಲೆಯೆತ್ತುತ್ತೆ, ವಿಮಾನ ನಿಜವಾದ ಆಕಾಶದಲ್ಲೇ ಹಾದುಹೋಗುತ್ತೆ. ಆದರೆ ಅವಳ ಕೈಯಲ್ಲಿ ಅದೇ ಬಟ್ಟೆಗಂಟು. ಅದಕ್ಕೇ ನಾನು ಅದನ್ನು ಬರೀ ಬಿಡುಗಡೆಯ ಸಂಕೇತ ಅಂತ ಓದಲಾರೆ.