ಇಳಕಲ್‌ನಲ್ಲಿ ಕೈಮಗ್ಗ ನೇಯುವ ನಮ್ಮ ತಂದೆಗೆ ಎರಡು ವರ್ಷದಿಂದ ಸೊಂಟನೋವು. ಸಣ್ಣ ರಂಧ್ರದ ಫ್ಯೂಷನ್ (ಬೆನ್ನೆಲುಬಿನ ಮಣಿಗಳನ್ನು ಒಂದಾಗಿ ಕೂಡಿಸುವ) ಶಸ್ತ್ರಚಿಕಿತ್ಸೆ ಮಾಡಿಸಬಹುದೇ?

ಎಂ.ಆರ್.ಐ.ಯಲ್ಲಿ ಏನು ಕಂಡಿದೆ ಎಂಬುದನ್ನು ನೀವು ಬರೆದಿಲ್ಲ. ನಿರ್ಧಾರ ನಿಂತಿರುವುದು ಅದರ ಮೇಲೆಯೇ. ಬೆನ್ನೆಲುಬಿನ ಒಂದು ಮಣಿ ಮುಂದಕ್ಕೆ ಜಾರಿ, ನರವನ್ನು ಒತ್ತಿ, ನೋವು ಕಾಲಿಗೂ ಇಳಿಯುತ್ತಿದ್ದರೆ ಫ್ಯೂಷನ್‌ನಿಂದ ಪ್ರಯೋಜನವಾಗುವ ಸಾಧ್ಯತೆ ಹೆಚ್ಚು. ಡಿಸ್ಕ್ (ಮಣಿಗಳ ನಡುವಿನ ಮೆತ್ತೆ) ಸವೆದಿದೆ ಎಂಬಷ್ಟೇ ವರದಿಯಿದ್ದರೆ, ಅಂಥ ಸವೆತ ನೋವೇ ಇಲ್ಲದ ಅನೇಕರಲ್ಲೂ ಕಾಣುವುದರಿಂದ, ನಾನಂತೂ ಅವಸರಪಡಲಾರೆ. ಮೊದಲು ಕೆಲವು ತಿಂಗಳು ಕ್ರಮವಾಗಿ ಫಿಸಿಯೋಥೆರಪಿ ಮಾಡಿಸಿ.

ಸಣ್ಣ ರಂಧ್ರದ ಫ್ಯೂಷನ್ ವಿಧಾನದಲ್ಲಿ ಸ್ನಾಯುಗಳನ್ನು ಅಗಲವಾಗಿ ಬಿಡಿಸದೆ, ಅವುಗಳ ನಡುವೆ ಕೊಳವೆ ಇಳಿಸಿ, ಡಿಸ್ಕ್ ತೆಗೆದ ಜಾಗದಲ್ಲಿ ಕೇಜ್ (ಮಣಿಗಳ ನಡುವಿನ ಅಂತರ ಕಾಯುವ ಚಿಕ್ಕ ಚೌಕಟ್ಟು) ಮತ್ತು ಮೂಳೆಯ ಚೂರುಗಳನ್ನಿಟ್ಟು, ಸ್ಕ್ರೂ ಹಾಗೂ ಸರಳುಗಳಿಂದ ಬಿಗಿಯುತ್ತಾರೆ. ರಕ್ತ ಕಡಿಮೆ ಹೋಗುತ್ತದೆ, ಮನೆಗೂ ಬೇಗ ಕಳಿಸುತ್ತಾರೆ. ಆದರೆ ಗಾಯ ಚಿಕ್ಕದೆಂದು ಮೂಳೆಯೇನೂ ಬೇಗ ಕೂಡುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ 6ರಿಂದ 12 ತಿಂಗಳು ಬೇಕು. ಆದ್ದರಿಂದ ಮತ್ತೆ ಮಗ್ಗದ ಮುಂದೆ ಬಾಗಿ ಕೂರುವುದು ಯಾವಾಗ ಎಂದು ಮೊದಲೇ ಕೇಳಿಕೊಳ್ಳಿ. ತಂದೆಯವರು ಬೀಡಿ ಸೇದುತ್ತಿದ್ದರೆ (ನಮ್ಮ ಕಡೆ ಇದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳುವವರೇ ಕಡಿಮೆ) ಮೂಳೆ ಕೂಡದೇ ಉಳಿಯುವ ಅಪಾಯ ಹೆಚ್ಚುತ್ತದೆ.

ಬಾಗಲಕೋಟೆಯಲ್ಲೋ ಬೆಳಗಾವಿಯಲ್ಲೋ ಇನ್ನೊಬ್ಬ ಬೆನ್ನುಮೂಳೆ ತಜ್ಞರಿಗೂ ತೋರಿಸಿ. ಕಾಲಿನ ಬಲ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಕಾಯದೆ ಆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.