ಆರು ಸೀಟಿನ ಲೆಕ್ಕ

ಜಯನಗರದ ಓದುಗರೊಬ್ಬರ ಪತ್ರ: "ಬ್ರಿಟಿಷರ ಕಾಲದ ಮದ್ರಾಸ್ ಪ್ರಾಂತ್ಯದಲ್ಲಿ ಜಮೀನ್ದಾರರದೇ ದರ್ಬಾರು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಶಾಸನಸಭೆಯಲ್ಲಿ ಅವರಿಗೆ ಮೀಸಲಿದ್ದದ್ದು ಆರೇ ಸೀಟು. ಸ್ವಲ್ಪ ಜಾಸ್ತಿ ಆಯ್ತು ಅಲ್ವಾ? ನಮ್ಮ ಮೈಸೂರಿನಲ್ಲಂತೂ ಈ ಕಾಟ ಇರಲಿಲ್ಲ."

ಸಂಪಾದಕರ ಉತ್ತರ: ಆರು ಸೀಟು ಅನ್ನುವುದು ನಿಜ. 1920ರಲ್ಲಿ ಚುನಾಯಿತ ಸೀಟುಗಳು 98, ಅದರಲ್ಲಿ 6 ಅವರದು. ಆದರೆ ಮೇಲಿನ ಕುರ್ಚಿಯಲ್ಲಿ, ಅಂದರೆ ಈಗಿನ ಮುಖ್ಯಮಂತ್ರಿಯಂಥ 'ಮೊದಲ ಮಂತ್ರಿ' ಹುದ್ದೆಯಲ್ಲಿ, ಕೂತವರು ಯಾರು ಅಂತಲೂ ನೋಡಿ. 1921ರಿಂದ 26ರವರೆಗೆ ಪಾನಗಲ್ ರಾಜಾ. ಆಮೇಲೆ 1930ರವರೆಗೆ ಕುಮಾರಮಂಗಲಂ ಜಮೀನ್ದಾರ ಸುಬ್ಬರಾಯನ್. 1932ರಿಂದ ಬೊಬ್ಬಿಲಿ ರಾಜಾ. ರಾಜಾ ಅಂದರೂ ಇಬ್ಬರೂ ಜಮೀನ್ದಾರರೇ, ಬ್ರಾಹ್ಮಣೇತರರ ಜಸ್ಟಿಸ್ ಪಕ್ಷದವರು. ಸುಬ್ಬರಾಯನ್ ಆ ಪಕ್ಷದವರಲ್ಲ, ಆದರೂ ಜಮೀನ್ದಾರರೇ. 1937ರವರೆಗಿನ 16 ವರ್ಷಗಳಲ್ಲಿ ಸುಮಾರು 13 ವರ್ಷ ಮೊದಲ ಮಂತ್ರಿಗಿರಿ ಈ ಮೂವರ ಕೈಯಲ್ಲಿತ್ತು.

ಹೇಗೆ ಅಂತ ಕೇಳುತ್ತೀರಿ. ಪ್ರಾಂತ್ಯದ ಜನ ಸುಮಾರು 4 ಕೋಟಿ, ಮತದಾರರು ಸುಮಾರು 12 ಲಕ್ಷ. ಆಸ್ತಿ, ಕಂದಾಯ ಇದ್ದವರಿಗೇ ಓಟು, ಕೂಲಿಯವರಿಗೆ ಇಲ್ಲ. ಇನ್ನು ಜಮೀನ್ದಾರಿಯಲ್ಲಿ ಪಟ್ಟಾ ಬೇಕಾದರೂ, ಕೆರೆಯ ಹೂಳು ತೆಗೆಸಬೇಕಾದರೂ, ಬಾಕಿಗೆ ವಾಯಿದೆ ಕೇಳಬೇಕಾದರೂ ರೈತ ಹೋಗಬೇಕಿದ್ದದ್ದು ದೊರೆಯ, ಅಂದರೆ ಜಮೀನ್ದಾರನ, ಕಚೇರಿಗೇ. ಅಂಥ ಊರಿನಲ್ಲಿ ದೊರೆಯೇ ಓಟಿಗೆ ನಿಂತರೆ ಎದುರು ನಿಲ್ಲುವವರು ಯಾರು? ಮೀಸಲು ಸೀಟು ಅವರಿಗೆ ಬೇಕೇ ಇರಲಿಲ್ಲ.

ಹಾಗಂತ ಇವರೆಲ್ಲ ಸುಮ್ನೆ ಉಂಡು ಮಲಗಿದವರಲ್ಲ. ದೇವಸ್ಥಾನಗಳ ಹಣದ ಮೇಲೆ ಸರ್ಕಾರ ನಿಗಾ ಇಡುವ ಕಾನೂನು ಬಂದದ್ದು, ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗುವ ದಾರಿ ತೆರೆದದ್ದು ಪಾನಗಲ್ ರಾಜರ ಕಾಲದಲ್ಲೇ. ನಮ್ಮ ಲೇಖನದಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ. ಇರಬೇಕಿತ್ತು.

ಬಣ್ಣ ಬಯಲಾದದ್ದು 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ. ಬೆಳೆಯ ಬೆಲೆ ಬಿತ್ತು, ಕಂದಾಯ ಇಳಿಯಲಿಲ್ಲ. ಮಂತ್ರಿಗಳ ಸಂಬಳ ಮಾತ್ರ ತಿಂಗಳಿಗೆ 4,300 ರೂಪಾಯಿಗೂ ಮೇಲೆ! ಅಷ್ಟರಲ್ಲಿ 1935ರ ಭಾರತ ಸರ್ಕಾರ ಕಾಯ್ದೆ ಬಂದು ಮತದಾರರ ಸಂಖ್ಯೆ ಹಲವು ಪಟ್ಟು ಏರಿತು. 1937ರಲ್ಲಿ ಕಾಂಗ್ರೆಸ್‌ಗೆ 215ರಲ್ಲಿ 159 ಸೀಟು. ಬೊಬ್ಬಿಲಿ ರಾಜರು ಬೊಬ್ಬಿಲಿಯಲ್ಲೇ ಸೋತರು. ಸೋಲಿಸಿದವರು ಕಾರ್ಮಿಕ ಮುಖಂಡ ವಿ.ವಿ. ಗಿರಿ. ಮುಂದೆ 1965ರಲ್ಲಿ ಮೈಸೂರು ರಾಜ್ಯಪಾಲರಾಗಿ ಬಂದು ನಮ್ಮ ಬೆಂಗಳೂರಿನ ರಾಜಭವನದಲ್ಲಿದ್ದರಲ್ಲ, ಅವರೇ.

ಆದರೆ ಸೀಟು ಹೋಯಿತು, ಜಮೀನು ಉಳಿಯಿತು. 1938ರಲ್ಲಿ, ಜಮೀನ್ದಾರಿ ಬಗ್ಗೆ ವಿಚಾರಿಸಲು ನೇಮಿಸಿದ್ದ ಪ್ರಕಾಶಂ ಸಮಿತಿ ನೆಲದ ಒಡೆಯ ರೈತನೇ ಎಂದು ವರದಿ ಕೊಟ್ಟಿತು. ಮರುವರ್ಷ ಕಾಂಗ್ರೆಸ್ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಜಮೀನ್ದಾರಿ ರದ್ದತಿ ಕಾನೂನಿಗೆ 1948ರವರೆಗೆ ಕಾಯಬೇಕಾಯಿತು.

ಮೈಸೂರಿನ ಮಾತು. ಬೊಬ್ಬಿಲಿಯಂಥ ಜಮೀನ್ದಾರಿ ಇಲ್ಲಿರಲಿಲ್ಲ, ಒಪ್ಪಿದೆ. ಆದರೆ 1881ರಲ್ಲಿ ದಿವಾನ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಕರೆದಾಗ ಬಂದು ಕೂತ 144 ಮಂದಿ ಯಾರು? ಭೂಮಾಲೀಕರು ಮತ್ತು ವ್ಯಾಪಾರಸ್ಥರು. ಜೀತದಾಳಿಗೆ ಅಲ್ಲೂ ಚಾಪೆ ಹಾಸಿರಲಿಲ್ಲ.

ಒಂದು ತಪ್ಪನ್ನು ನೀವು ಹಿಡಿಯಲಿಲ್ಲ, ನಾನೇ ಹೇಳಿಬಿಡುತ್ತೇನೆ. ಇಡೀ ಪ್ರಾಂತ್ಯವೇ ಜಮೀನ್ದಾರಿ ಅನ್ನುವ ಹಾಗೆ ಬರೆದಿದ್ದೆವು. ಅದು ಸುಮಾರು ಮೂರನೇ ಒಂದು ಭಾಗ ಮಾತ್ರ. ಆಗ ಆ ಪ್ರಾಂತ್ಯಕ್ಕೇ ಸೇರಿದ್ದ ಬಳ್ಳಾರಿ, ದಕ್ಷಿಣ ಕನ್ನಡ ಎರಡೂ ರೈತವಾರಿ ಜಿಲ್ಲೆಗಳು, ಅಂದರೆ ಕಂದಾಯ ನೇರ ಸರ್ಕಾರಕ್ಕೇ ಕಟ್ಟುತ್ತಿದ್ದ ಕಡೆಗಳು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ.